ಮೊಹರು ಒಪ್ಪಿಸಿದ ದಿನವೇ ಲಾಗಿನ್ ಕೂಡ ಮುಚ್ಚಲಿ: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮೊಳಕಾಲ್ಮುರಿನಿಂದ ಹೊಸದುರ್ಗಕ್ಕೆ ವರ್ಗವಾದ ಗುಮಾಸ್ತರು ಕಡತ ಒಪ್ಪಿಸುತ್ತಾರೆ, ಮೊಹರು ಒಪ್ಪಿಸುತ್ತಾರೆ, ಬೀರುವಿನ ಕೀಲಿಕೈ ಕೊಟ್ಟು ಸಹಿ ಪಡೆಯುತ್ತಾರೆ. ಕಚೇರಿಯ ಜಾಲತಾಣಕ್ಕೆ ಸೂಚನೆ ಏರಿಸುತ್ತಿದ್ದ ಲಾಗಿನ್ ಮಾತ್ರ ಅವರ ಫೋನಿನಲ್ಲೇ ಉಳಿದು ಅವರ ಜೊತೆಗೇ ಹೋಗುತ್ತದೆ. ತಪ್ಪು ಅವರದಲ್ಲ, ಅದನ್ನು ಯಾರೂ ಕೇಳುವುದಿಲ್ಲ. ಹಲವು ಕಚೇರಿಗಳ ತಾಣಗಳನ್ನು ಒಂದೇ ಪೋರ್ಟಲ್ ಅಡಿ ನಡೆಸುವಾಗ ಅಡ್ಮಿನ್ ಅಧಿಕಾರವನ್ನು ಹೇಗೆ ಹಂಚಬೇಕು, ಹೇಗೆ ಹಿಂಪಡೆಯಬೇಕು ಎಂಬ ಬಗ್ಗೆ ತಾವು ಒಂದು ಕಚೇರಿ ಆದೇಶ ಹೊರಡಿಸಬೇಕೆಂದು ಕೋರಲು ಈ ಪತ್ರ.

ಉದಾಹರಣೆಗೆ ವರ್ಡ್‌ಪ್ರೆಸ್ ಮಲ್ಟಿಸೈಟ್ ಹಿಡಿಯೋಣ: ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಹಲವು ತಾಣಗಳನ್ನು ಒಟ್ಟಿಗೆ ನಡೆಸುವ ಸೌಲಭ್ಯ ಇದು. 2010ರಲ್ಲಿ ಬಂದ 3.0 ಆವೃತ್ತಿಯಿಂದ ಈ ಸೌಲಭ್ಯ ಅದರೊಳಗೇ ಇದೆ. ಬೇರೆ ತಂತ್ರಾಂಶವಾದರೆ ಹೆಸರುಗಳು ಬದಲಾಗುತ್ತವೆ, ತೊಡಕುಗಳು ಬಹುಮಟ್ಟಿಗೆ ಇವೇ. ಜಿಲ್ಲೆಗೆ ಒಂದು, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮುರು ತಾಲ್ಲೂಕುಗಳಿಗೆ ಒಂದೊಂದು ಎಂದರೂ ಏಳು ತಾಣಗಳಾಯಿತು. ಹೊರಗಿನಿಂದ ಏಳು, ಒಳಗೆ ಡೇಟಾಬೇಸ್ ಒಂದೇ, ಬಳಕೆದಾರರ ಪಟ್ಟಿಯೂ ಒಂದೇ. ಪಾತ್ರ, ಅಂದರೆ ಖಾತೆಗೆ ಕೊಟ್ಟ ಅಧಿಕಾರದ ಮಟ್ಟ, ಮಾತ್ರ ತಾಣಕ್ಕೊಂದು: ಒಬ್ಬರೇ ಹೊಳಲ್ಕೆರೆಯಲ್ಲಿ ಎಡಿಟರ್, ಹೊಸದುರ್ಗದಲ್ಲಿ ಅಡ್ಮಿನ್ ಆಗಿರಬಹುದು. ಎಲ್ಲದರ ಮೇಲೆ ಸೂಪರ್ ಅಡ್ಮಿನ್. ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕುವುದು, ಹೊಸ ತಾಣ ತೆರೆಯುವುದು, ಖಾತೆಯನ್ನು ಬುಡಸಮೇತ ಅಳಿಸುವುದು ಅವರೊಬ್ಬರಿಂದಲೇ ಸಾಧ್ಯ. ಆ ಒಂದು ಪಾಸ್‌ವರ್ಡ್ ಸೋರಿದರೆ ಹೋಗುವುದು ಒಂದು ತಾಣವಲ್ಲ, ಏಳೂ.

ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ಸಿಬ್ಬಂದಿಯ ಉಡಾಫೆಯೇ ಕಾರಣ ಎಂದು ಸುತ್ತೋಲೆಗಳು ದೂರುತ್ತವೆ. ನಾವು ಇದನ್ನು ಒಪ್ಪುವುದಿಲ್ಲ. ಕೆಳಗಿನವರಿಗೆ ಕೆಲಸಕ್ಕೆ ಬೇಕಾದಷ್ಟು ಅಧಿಕಾರ ಕೊಡದೇ ಇರುವುದರಿಂದಲೇ ಮೇಲಿನ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಗುಮಾಸ್ತರಿಗೆ ಕಾಂಟ್ರಿಬ್ಯೂಟರ್ ಪಾತ್ರ ಕೊಟ್ಟರೆಂದು ಇಟ್ಟುಕೊಳ್ಳಿ. ಆ ಪಾತ್ರದವರು ಬರೆದಿಡಬಹುದು, ಪ್ರಕಟಿಸುವಂತಿಲ್ಲ, ಕಡತವನ್ನೂ ಏರಿಸುವಂತಿಲ್ಲ. ನಮ್ಮ ಸೂಚನೆಗಳೆಲ್ಲ ಸಹಿ, ಮೊಹರು ಬಿದ್ದ ಪಿಡಿಎಫ್‌ಗಳು. ಅದನ್ನೇ ಏರಿಸಲಾಗದ ಖಾತೆ ಇದ್ದೂ ಇಲ್ಲದಂತೆ. ಸಂಜೆಯೊಳಗೆ ಸೂಚನೆ ಹಾಕಲೇಬೇಕು, ಆಗ ಜಿಲ್ಲಾ ಕೇಂದ್ರಕ್ಕೆ ಫೋನು, ವಾಟ್ಸ್ಆ್ಯಪ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್. ಅದೇ ಗುಮಾಸ್ತರಿಗೆ ಆಥರ್ ಪಾತ್ರ ಕೊಟ್ಟಿದ್ದರೆ ಪಿಡಿಎಫ್ ಏರಿಸಿ ತಮ್ಮ ಸೂಚನೆಯನ್ನು ತಾವೇ ಪ್ರಕಟಿಸುತ್ತಿದ್ದರು, ಬೇರೆಯವರ ಬರಹವನ್ನು ಮುಟ್ಟಲೂ ಆಗುತ್ತಿರಲಿಲ್ಲ. ಪುಟಗಳನ್ನು ತಿದ್ದುವ ಶಿರಸ್ತೇದಾರರಿಗೆ ಎಡಿಟರ್ ಸಾಕು. ತಾಲ್ಲೂಕಿಗೆ ಇಬ್ಬರು ಅಡ್ಮಿನ್: ಒಬ್ಬರು ಖಾಯಂ, ಇನ್ನೊಬ್ಬರು ಅವರು ರಜೆಯಲ್ಲಿದ್ದಾಗ. ಸೂಪರ್ ಅಡ್ಮಿನ್ ಇಡೀ ಜಿಲ್ಲೆಗೆ ಇಬ್ಬರೇ. ಒಬ್ಬರೇ ಇದ್ದರೆ ಅವರು ಕೈಗೆ ಸಿಗದ ದಿನ ಎಲ್ಲ ಕೆಲಸವೂ ನಿಲ್ಲುತ್ತದೆ, ಐವರಿದ್ದರೆ ಯಾರು ಏನು ಮಾಡಿದರೆಂದು ತಿಳಿಯುವುದಿಲ್ಲ.

ವಾಣಿ ವಿಲಾಸ ಸಾಗರದ ಮಾತನ್ನು ಇಲ್ಲಿ ಹೇಳಲೇಬೇಕು. 2022ರಲ್ಲಿ 130 ಅಡಿ ತುಂಬಿ ಕೋಡಿ ಬಿದ್ದದ್ದನ್ನು ಜಿಲ್ಲೆಯೇ ಹೋಗಿ ನೋಡಿತು. ಅಂಥ ದಿನ ವೇದಾವತಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡಬೇಕಾದರೆ ಹಿರಿಯೂರಿನವರು ಭಾನುವಾರ ರಾತ್ರಿ ಜಿಲ್ಲಾ ಕೇಂದ್ರದ ಅನುಮೋದನೆಗೆ ಕಾಯುತ್ತ ಕೂರುವಂತಾಗಬಾರದು. ತುರ್ತು ಸೂಚನೆ ಪ್ರಕಟಿಸುವ ಅಧಿಕಾರ ತಾಲ್ಲೂಕಿನಲ್ಲೇ ಇರಲಿ. ತಪ್ಪಿದ್ದರೆ ಜಿಲ್ಲಾ ಕೇಂದ್ರ ಆಮೇಲೆ ತಿದ್ದಬಹುದು.

ಇನ್ನು ತಾಲ್ಲೂಕಿನ ಅಡ್ಮಿನ್‌ಗಳು ‘ನಮಗೂ ಸೂಪರ್ ಅಡ್ಮಿನ್ ಕೊಡಿ’ ಎಂದು ಕೇಳುವುದರ ಹಿಂದೆ ಬಹಳ ಸಲ ಒಂದು ನಕ್ಷೆ ಇರುತ್ತದೆ. ತಾಲ್ಲೂಕು ಕಚೇರಿಗೆ ದಾರಿ ತೋರಿಸುವ ಗೂಗಲ್ ನಕ್ಷೆಯನ್ನು ಸೂಪರ್ ಅಡ್ಮಿನ್ ಐಫ್ರೇಮ್ ಕೋಡ್ (ಬೇರೆ ತಾಣದ ಪುಟವನ್ನು ನಮ್ಮ ಪುಟದೊಳಗೆ ತೋರಿಸುವ ಕೋಡ್) ಆಗಿ ‘ಸಂಪರ್ಕ’ ಪುಟದಲ್ಲಿ ಹಾಕಿರುತ್ತಾರೆ. ತಿಂಗಳ ನಂತರ ತಾಲ್ಲೂಕಿನವರು ಅದೇ ಪುಟದಲ್ಲಿ ದೂರವಾಣಿ ಸಂಖ್ಯೆಯ ಒಂದು ಅಂಕಿ ತಿದ್ದಿ ಉಳಿಸುತ್ತಾರೆ. ಸಂಖ್ಯೆ ಸರಿಯಾಗುತ್ತದೆ, ನಕ್ಷೆ ಮಾಯ. ಏನೂ ಕೆಟ್ಟಿಲ್ಲ. ಮಲ್ಟಿಸೈಟ್‌ನಲ್ಲಿ ಸೋಸದ ಎಚ್‌ಟಿಎಂಎಲ್ (ಪುಟ ರೂಪಿಸುವ ಕೋಡ್) ಉಳಿಸುವ ಅಧಿಕಾರ ಸೂಪರ್ ಅಡ್ಮಿನ್‌ಗೆ ಮಾತ್ರ. ಬೇರೆ ಯಾರೇ ಉಳಿಸಿದರೂ ತಂತ್ರಾಂಶ ಐಫ್ರೇಮ್, ಸ್ಕ್ರಿಪ್ಟ್ ತುಣುಕುಗಳನ್ನು ಕಿತ್ತುಹಾಕುತ್ತದೆ. ಏಳು ತಾಣಗಳಲ್ಲಿ ಒಂದರಿಂದ ಕೆಟ್ಟ ಕೋಡ್ ನುಸುಳದಿರಲಿ ಎಂಬುದೇ ಉದ್ದೇಶ. ಪರಿಹಾರ ಅಧಿಕಾರ ಏರಿಸುವುದಲ್ಲ. ನಕ್ಷೆಗೆ ಒಂದು ಶಾರ್ಟ್‌ಕೋಡ್ (ಪುಟ ತೋರಿಸುವಾಗ ನಕ್ಷೆಯಾಗಿ ಬದಲಾಗುವ ಚಿಕ್ಕ ಸಂಕೇತಪದ) ಮಾಡಿಸಿ ಎಲ್ಲ ತಾಣಗಳಿಗೂ ಕೊಡಿ. ಶಾರ್ಟ್‌ಕೋಡ್ ಬರಿಯ ಪಠ್ಯ, ಯಾರು ಉಳಿಸಿದರೂ ಉಳಿಯುತ್ತದೆ.

ಖಾತೆ ತೆರೆಯುವಲ್ಲಿಯೂ ಇಂಥದೇ ಗಂಟು. ಹೊಸ ಬಳಕೆದಾರರನ್ನು ಸೇರಿಸಲು ತಾಣದ ಅಡ್ಮಿನ್‌ಗಳಿಗೆ ಅವಕಾಶ ಕೊಡುವ ಗುರುತಿನ ಚೌಕ (ಚೆಕ್‌ಬಾಕ್ಸ್) ಎಲ್ಲ ತಾಣಗಳಿಗೂ ಅನ್ವಯಿಸುವ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿದೆ. ಮೊದಲಿಗೆ ಅದು ಖಾಲಿ ಇರುತ್ತದೆ. ಅದರಲ್ಲಿ ಗುರುತು ಹಾಕಿಸಿ ಎಂಬುದು ನಮ್ಮ ಸಲಹೆ, ಆದರೆ ಒಂದು ಕಡಿವಾಣದೊಂದಿಗೆ. ತಾಣದ ಅಡ್ಮಿನ್ ತನ್ನ ತಾಣದಲ್ಲಿ ಮತ್ತೊಬ್ಬರನ್ನು ಅಡ್ಮಿನ್ ಮಾಡುವುದನ್ನು ವರ್ಡ್‌ಪ್ರೆಸ್ ತಾನಾಗಿ ತಡೆಯುವುದಿಲ್ಲ. ಇಬ್ಬರೆಂದು ಆದೇಶಿಸಿದ ಕಡೆ ವರ್ಷದಲ್ಲಿ ಆರು ಜನ ಆಗುವುದು ಹೀಗೆ. ‘ಎಡಿಟಬಲ್ ರೋಲ್ಸ್’ ಎಂಬ ಫಿಲ್ಟರ್ (ವರ್ಡ್‌ಪ್ರೆಸ್‌ನ ನಡವಳಿಕೆ ಬದಲಿಸಲು ಕೋಡ್ ಸೇರಿಸುವ ಜಾಗ) ಬಳಸಿ, ಸೂಪರ್ ಅಡ್ಮಿನ್ ಅಲ್ಲದವರಿಗೆ ಪಾತ್ರಗಳ ಪಟ್ಟಿಯಲ್ಲಿ ‘ಅಡ್ಮಿನಿಸ್ಟ್ರೇಟರ್’ ಕಾಣದಂತೆ ಮಾಡಬಹುದು. ಬಲ್ಲವರಿಗೆ ಹತ್ತು ಸಾಲಿನ ಕೆಲಸ. ಬೇರೆ ತಾಲ್ಲೂಕಿನಿಂದ ಪ್ರಭಾರದ ಮೇಲೆ ಬಂದವರಿಗೆ ಹೊಸ ಖಾತೆ ತೆರೆಯಲು ಹೋದರೆ ಇಮೇಲ್ ಈಗಾಗಲೇ ನೋಂದಣಿಯಾಗಿದೆ ಎನ್ನುತ್ತದೆ, ಬಳಕೆದಾರರ ಪಟ್ಟಿ ಒಂದೇ ಅಲ್ಲವೇ. ಆಗ ‘ಇರುವ ಬಳಕೆದಾರರನ್ನು ಸೇರಿಸಿ’ ಎಂಬಲ್ಲಿ ಅದೇ ಇಮೇಲ್ ಕೊಡಬೇಕು. ತಿಳಿಯದವರು ಇನ್ನೊಂದು ಜಿಮೇಲ್ ಕೊಟ್ಟು ಎರಡನೇ ಖಾತೆ ಮಾಡುತ್ತಾರೆ. ಮುಂದೆ ಒಂದನ್ನು ಮುಚ್ಚಿದಾಗ ಇನ್ನೊಂದು ಯಾರ ಲೆಕ್ಕಕ್ಕೂ ಸಿಗದೆ ಜೀವಂತವಾಗಿರುತ್ತದೆ.

ನಮಗೆ ಹೆಚ್ಚು ಆತಂಕ ತರುವುದು ಖಾತೆ ಮುಚ್ಚುವ ಕೆಲಸ. ತಾಲ್ಲೂಕಿನ ಅಡ್ಮಿನ್ ‘ರಿಮೂವ್’ ಒತ್ತಿದರೆ ಆ ತಾಣದ ಪಾತ್ರ ಹೋಗುತ್ತದೆ ಅಷ್ಟೇ, ಬೇರೆ ತಾಣಗಳ ಪಾತ್ರ ಹಾಗೇ ಇರುತ್ತದೆ. ಪೂರ್ತಿ ಅಳಿಸಲು ಸೂಪರ್ ಅಡ್ಮಿನ್ ಬೇಕು. ಅಳಿಸುವಾಗ ಅವರ ಬರಹಗಳನ್ನು ಏನು ಮಾಡಲಿ ಎಂದು ಪರದೆ ಕೇಳುತ್ತದೆ. ಅವಸರದಲ್ಲಿ ‘ಎಲ್ಲ ಅಳಿಸು’ ಒತ್ತಿದರೆ ಅವರು ಹಾಕಿದ್ದ ಟೆಂಡರ್ ಪ್ರಕಟಣೆ, ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಅಡಿ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿ ಎಲ್ಲವೂ ಹೋಗುತ್ತದೆ. ಬರಹಗಳನ್ನು ಬೇರೊಬ್ಬರ ಹೆಸರಿಗೆ ವರ್ಗಾಯಿಸುವ ಆಯ್ಕೆ ಅಲ್ಲೇ ಇದೆ, ಅದನ್ನೇ ಬಳಸಬೇಕು. ನಿವೃತ್ತರಾಗದೆ ಜಿಲ್ಲೆಯೊಳಗೇ ವರ್ಗವಾದವರ ಖಾತೆಯನ್ನಂತೂ ಅಳಿಸುವುದೇ ಬೇಡ. ಹಳೆಯ ಪಾತ್ರ ತೆಗೆದು ಹೊಸ ತಾಣದಲ್ಲಿ ಪಾತ್ರ ಕೊಟ್ಟರೆ ಸಾಕು.

ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು ಎಂಬುದೂ ಅರ್ಧ ಸತ್ಯ. 2020ರ ಡಿಸೆಂಬರ್‌ನಲ್ಲಿ ಬಂದ 5.6 ಆವೃತ್ತಿಯಿಂದ ‘ಅಪ್ಲಿಕೇಶನ್ ಪಾಸ್‌ವರ್ಡ್’ ಎಂಬುದಿದೆ. ಮೊಬೈಲ್ ಆ್ಯಪ್‌ಗೋ ಬೇರೆ ತಂತ್ರಾಂಶಕ್ಕೋ ಎಂದು ಸೃಷ್ಟಿಸಿದ ಆ ಗುಪ್ತಪದ, ಮುಖ್ಯ ಪಾಸ್‌ವರ್ಡ್ ಬದಲಾದರೂ ಕೆಲಸ ಮಾಡುತ್ತಲೇ ಇರುತ್ತದೆ. ಪ್ರೊಫೈಲ್ ಪುಟದ ಕೆಳಭಾಗಕ್ಕೆ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕು. ಖಾತೆಯ ಇಮೇಲ್ ಸಿಬ್ಬಂದಿಯ ಖಾಸಗಿ ಜಿಮೇಲ್ ಆಗಿದ್ದರೆ ‘ಪಾಸ್‌ವರ್ಡ್ ಮರೆತಿದೆ’ ಒತ್ತಿ ಅವರು ಯಾವತ್ತಾದರೂ ಮರಳಿ ಒಳಬರಬಹುದು. ಆದ್ದರಿಂದ ಇಮೇಲ್ ಸರ್ಕಾರಿಯದೇ ಇರಲಿ, ಖಾತೆ ಮಾತ್ರ ವ್ಯಕ್ತಿಯ ಹೆಸರಿನಲ್ಲಿರಲಿ. ಕಚೇರಿಯ ಹೆಸರಿನ ಒಂದೇ ಖಾತೆಯನ್ನು ನಾಲ್ವರು ಬಳಸಿದರೆ ದಾಖಲೆಯಲ್ಲಿ ಸಿಗುವುದು ಕಚೇರಿಯ ಹೆಸರೇ ಹೊರತು ಮಾಡಿದವರ ಹೆಸರಲ್ಲ.

ಗುತ್ತಿಗೆದಾರರು ಪೋರ್ಟಲ್ ಕಟ್ಟಿಕೊಟ್ಟು ಹೋದ ಕಡೆ ಇನ್ನೊಂದು ಸಿಕ್ಕು. ನೆಟ್‌ವರ್ಕ್ ಅಡ್ಮಿನ್ ಇಮೇಲ್ ಆಗಿ ಅವರ ವಿಳಾಸವೇ ಉಳಿದಿದ್ದರೆ, ಅದೇ ವಿಳಾಸದ ಖಾತೆಯಿಂದ ಸೂಪರ್ ಅಡ್ಮಿನ್ ಗುರುತು ತೆಗೆಯಲು ಪರದೆ ಬಿಡುವುದೇ ಇಲ್ಲ. ಮೊದಲು ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಇಮೇಲ್ ಬದಲಿಸಿ, ಹೊಸ ವಿಳಾಸಕ್ಕೆ ಬರುವ ಕೊಂಡಿ ಒತ್ತಿ ದೃಢೀಕರಿಸಬೇಕು, ಆಮೇಲೆ ಗುರುತು ತೆಗೆಯಬೇಕು. ಈ ಕ್ರಮ ಗೊತ್ತಿಲ್ಲದೆ ‘ತೆಗೆಯಲು ಬರುತ್ತಿಲ್ಲ, ಇರಲಿ ಬಿಡಿ’ ಎಂದು ಬಿಟ್ಟ ಖಾತೆಯೇ ಕಿಂಡಿ. ಓಬವ್ವನ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನ ಹೇಳುವ ಕಥೆಯಲ್ಲೂ ಹೈದರನ ಕಡೆಯವರು ಹೊಸದಾಗಿ ಗೋಡೆ ಒಡೆದು ಬರಲಿಲ್ಲ, ದಿನವೂ ಓಡಾಟಕ್ಕೆ ಬಳಸುತ್ತಿದ್ದ ಕಿಂಡಿಯನ್ನೇ ಗುರುತಿಸಿದರು.

ದಾಖಲೆಯ ಮಾತು ಚುಟುಕಾಗಿ. ಪುಟದಲ್ಲಿ ಯಾರು ಏನು ತಿದ್ದಿದರೆಂಬುದನ್ನು ವರ್ಡ್‌ಪ್ರೆಸ್ ಇಟ್ಟುಕೊಳ್ಳುತ್ತದೆ, ಯಾರಿಗೆ ಯಾರು ಅಧಿಕಾರ ಕೊಟ್ಟರೆಂಬುದನ್ನು ಇಟ್ಟುಕೊಳ್ಳುವುದಿಲ್ಲ. ಅದಕ್ಕೆ ಆಡಿಟ್ ಲಾಗ್ (ಯಾರು, ಯಾವಾಗ, ಏನು ಮಾಡಿದರೆಂಬ ದಾಖಲೆ) ಪ್ಲಗಿನ್ ಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಬೇಕು, ಭದ್ರತಾ ಘಟನೆಯನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು. ಯಾರ ಕೈಯಲ್ಲಿ ಯಾವ ಅಧಿಕಾರವಿದೆ ಎಂಬ ಪಟ್ಟಿಯೇ ಇಲ್ಲದ ಕಚೇರಿಗೆ ಆ 6 ಗಂಟೆ ಪಟ್ಟಿ ಹುಡುಕುವುದಕ್ಕೇ ಸಾಲದು.

ನಾವು ಕೋರುವ ಆದೇಶ ಒಂದು ಪುಟ ಮೀರುವುದಿಲ್ಲ. ಕಾರ್ಯಭಾರ ಹಸ್ತಾಂತರ ಪಟ್ಟಿಗೆ ‘ಜಾಲತಾಣ ಖಾತೆ’ ಎಂಬ ಸಾಲು ಸೇರಲಿ. ಯಾವ ತಾಣದಲ್ಲಿ ಯಾವ ಪಾತ್ರ, ತೆಗೆದವರು ಯಾರು, ಯಾವ ದಿನಾಂಕ ಎಂಬುದು ಅದರಲ್ಲಿರಲಿ. ಆ ಸಾಲಿಗೆ ಸಹಿ ಬೀಳದೆ ಬಿಡುಗಡೆ ಆದೇಶ ಹೊರಡದಿರಲಿ. ಹೊರಗುತ್ತಿಗೆಯ ಆಪರೇಟರ್‌ಗಳಿಗೂ ಇದೇ ನಿಯಮ. ಅವರ ಖಾತೆಗೆ ಗುತ್ತಿಗೆ ಮುಗಿಯುವ ದಿನವನ್ನೇ ಕೊನೆಯ ದಿನವೆಂದು ಬರೆದಿಡಬೇಕು, ಏಕೆಂದರೆ ವರ್ಡ್‌ಪ್ರೆಸ್‌ನಲ್ಲಿ ಖಾತೆ ತಾನಾಗಿ ಅವಧಿ ಮೀರುವುದಿಲ್ಲ. ಇಬ್ಬರು ಸೂಪರ್ ಅಡ್ಮಿನ್‌ಗಳಿಗೆ ಎರಡು ಹಂತದ ಲಾಗಿನ್ ಕಡ್ಡಾಯವಾಗಲಿ. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಲಕೋಟೆಗೆ ಅರಗು ಹಾಕಿ, ಖಜಾನೆಯಲ್ಲಿ ಇಡುವಂತೆ ಎರಡು ಕೀಲಿಯ ಭದ್ರತೆಯಲ್ಲಿ ಇಡಲಿ. ಮೂರು ತಿಂಗಳಿಗೊಮ್ಮೆ ಸೂಪರ್ ಅಡ್ಮಿನ್‌ಗಳ ಪಟ್ಟಿ, ಏಳೂ ತಾಣಗಳ ಅಡ್ಮಿನ್‌ಗಳ ಪಟ್ಟಿ ತೆಗೆದು ಸಿಬ್ಬಂದಿ ಪಟ್ಟಿಯ ಪಕ್ಕ ಇಟ್ಟು ತಾಳೆ ನೋಡಲಿ. ವರ್ಡ್‌ಪ್ರೆಸ್‌ಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಡಬ್ಲ್ಯುಪಿ-ಸಿಎಲ್‌ಐ ಬಲ್ಲವರಿಗೆ ತಾಣಕ್ಕೊಂದು ಆಜ್ಞೆಯಂತೆ ಅರ್ಧ ಗಂಟೆಯ ಕೆಲಸ.

ಮೊದಲ ತಾಳೆಯನ್ನು ಮುಂದಿನ ವರ್ಗಾವಣೆಯ ಸುಗ್ಗಿಗೆ ಮೊದಲೇ ಮಾಡಿಸಿ ಎಂದು ವಿನಂತಿಸುತ್ತೇವೆ. ಆ ಪಟ್ಟಿಯಲ್ಲಿ ಗುರುತು ಸಿಗದ ಹೆಸರು ಕಂಡರೆ ಕೂಡಲೇ ಅಳಿಸಬೇಡಿ. ಎಲ್ಲ ತಾಣಗಳಿಂದ ಅದರ ಪಾತ್ರ ತೆಗೆದು, ಅಪ್ಲಿಕೇಶನ್ ಪಾಸ್‌ವರ್ಡ್ ರದ್ದು ಮಾಡಿ, ಹದಿನೈದು ದಿನ ಕಾದು ನೋಡಿ. ಕೆಲಸ ನಿಂತಿತೆಂದು ಯಾರಾದರೂ ಫೋನ್ ಮಾಡಿದರೆ ಆ ಖಾತೆ ಯಾರದೆಂದು ತಿಳಿಯುತ್ತದೆ. ಯಾರೂ ಮಾಡದಿದ್ದರೆ ಬರಹಗಳನ್ನು ಈಗಿನವರ ಹೆಸರಿಗೆ ವರ್ಗಾಯಿಸಿ ಅಳಿಸಿ.

ಇಂತಿ,
ಚಿತ್ರದುರ್ಗದ ಕೆಲವು ಜಾಲತಾಣ ನಿರ್ವಾಹಕರು