ವೈಮಿಯಾ ಕೊಲ್ಲಿಯನ್ನು ಯಾರೂ ‘ಕಂಡುಹಿಡಿಯಲಿಲ್ಲ’

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಹವಾಯಿ ಪ್ರವಾಸ ಲೇಖನ ಸೊಗಸಾಗಿತ್ತು. ಆದರೆ ಒವಾಹು ದ್ವೀಪದ ವೈಮಿಯಾ ಕೊಲ್ಲಿಯನ್ನು 1957ರಲ್ಲಿ ಕ್ಯಾಲಿಫೋರ್ನಿಯಾದ ಯುವಕರು ‘ಕಂಡುಹಿಡಿದರು’ ಎಂಬ ಮಾತನ್ನು ತಿದ್ದಬೇಕಾಗಿದೆ. 1943ರಲ್ಲಿ ಡಿಕಿ ಕ್ರಾಸ್ ಎಂಬ ತರುಣ ಅಲ್ಲಿ ಕಡಲುಪಾಲಾದ ಮೇಲೆ, ಹಲಗೆಯೇರಿ ಅಲೆ ಸವಾರಿ ಮಾಡುವ ಸರ್ಫರ್‌ಗಳಲ್ಲಿ ಬೇರೂರಿದ್ದ ಅಂಜಿಕೆ, ಆ ಯುವಕರಲ್ಲಿ ಒಬ್ಬರಾದ ಗ್ರೆಗ್ ನೋಲ್ ಮತ್ತು ಸಂಗಡಿಗರು ಆ ವರ್ಷ ಅಲೆಯೇರಿದ್ದರಿಂದ ಕಳೆಯಿತು, ನಿಜ. ಅಂಜಿಕೆ ಕಳೆಯುವುದು ಬೇರೆ, ಕಂಡುಹಿಡಿಯುವುದು ಬೇರೆ. ಅಲೆ ಸವಾರಿಗೆ ‘ಹೆಎ ನಲು’ ಎಂಬ ಸ್ವಂತ ಹೆಸರುಳ್ಳ ಹವಾಯಿಯ ಮೂಲನಿವಾಸಿಗಳಿಗೆ ವೈಮಿಯಾ ಕಣಿವೆ ಅರ್ಚಕ ಮನೆತನಗಳ ಪವಿತ್ರ ನೆಲವಾಗಿತ್ತು; ಕೊಲ್ಲಿಯನ್ನು ನೋಡುತ್ತ ನಿಂತಿರುವ ಗುಡ್ಡದ ಮೇಲೆ, ಒವಾಹುವಿನಲ್ಲೇ ಅತಿ ದೊಡ್ಡದೆನಿಸಿದ ‘ಪುಉ ಒ ಮಹುಕ’ ಪೂಜಾಸ್ಥಳದ ಕಲ್ಲಿನ ಗೋಡೆಗಳು ಈಗಲೂ ಇವೆ.

ನನಗೆ ಇನ್ನೂ ಹೆಚ್ಚು ಖೇದವಾದದ್ದು ಎಡ್ಡಿ ಐಕಾವು ಅವರ ಹೆಸರೇ ಲೇಖನದಲ್ಲಿ ಇಲ್ಲದ್ದಕ್ಕೆ. 1946ರಲ್ಲಿ ಮಾವಿ ದ್ವೀಪದಲ್ಲಿ ಹುಟ್ಟಿದ ಎಡ್ಡಿ, 1968ರಲ್ಲಿ ವೈಮಿಯಾ ಇರುವ ಉತ್ತರ ತೀರದ ಮೊದಲ ಜೀವರಕ್ಷಕರಲ್ಲಿ ಒಬ್ಬರಾಗಿ ನೇಮಕಗೊಂಡು, ಬೇಸಿಗೆಯಲ್ಲಿ ಕೆರೆಯಂತೆ ಮಲಗಿರುವ, ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ದೂಡಿ ತರುವ ಅಲೆಗಳಿಂದ ಮನೆಯೆತ್ತರಕ್ಕೆ ಏಳುವ ಆ ನೀರಿನಿಂದ ನೂರಾರು ಜನರನ್ನು ದಡಕ್ಕೆ ತಂದರು. 1978ರ ಮಾರ್ಚ್‌ನಲ್ಲಿ, ಪೂರ್ವಜರಂತೆ ದಿಕ್ಕು ತೋರುವ ಉಪಕರಣಗಳಿಲ್ಲದೆ ತಾಹಿತಿಗೆ ಹೊರಟಿದ್ದ ‘ಹೊಕುಲೆಅ’ ಜೋಡಿದೋಣಿ ಮಗುಚಿಕೊಂಡಾಗ, ಸಂಗಡಿಗರಿಗೆ ನೆರವು ತರಲು ಸರ್ಫ್‌ಬೋರ್ಡ್ ಮೇಲೆ ಲಾನಾಯಿ ದ್ವೀಪದತ್ತ ಕೈಯಿಂದ ನೀರು ತಳ್ಳುತ್ತ ಹೋದವರು ಅವರೇ. ಉಳಿದವರನ್ನು ಕರಾವಳಿ ಕಾವಲುಪಡೆ ರಕ್ಷಿಸಿತು; ಎಡ್ಡಿ ಮರಳಲಿಲ್ಲ.

‘ಎಡ್ಡಿ ಆಗಿದ್ದರೆ ಹೋಗುತ್ತಿದ್ದ’ ಎಂಬ ಮಾತು ಇಂದು ಟೀ ಶರ್ಟುಗಳ ಮೇಲೆ ಕೇವಲ ಎದೆಗಾರಿಕೆಯ ಘೋಷಣೆಯಂತೆ ಮಾರಾಟವಾಗುತ್ತಿದೆ. (ಕೊಂಡು ತೊಡುವವರಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೋ!) ಆತ ಹೋಗುತ್ತಿದ್ದದ್ದು ಬಹುಪಾಲು ಇನ್ನೊಬ್ಬರಿಗಾಗಿ ಎಂಬುದನ್ನು ಆ ಮಾತು ಹೇಳುವುದಿಲ್ಲ. ಲೇಖನ ಕೊಂಡಾಡಿರುವ ವೈಮಿಯಾದ ಅಲೆ ಸವಾರಿ ಸ್ಪರ್ಧೆ ಅವರ ಸ್ಮರಣೆಗೇ ಮೀಸಲು. ಅಲೆಯ ಮುಖ ಸುಮಾರು 40 ಅಡಿ ಏರದಿದ್ದರೆ ಅದು ನಡೆಯುವುದಿಲ್ಲವಾದ್ದರಿಂದ, 2009ರ ನಂತರ ಮತ್ತೆ ನಡೆದದ್ದು 2016ರಲ್ಲಿ, ಆಮೇಲೆ 2023ರಲ್ಲಿ. ಆ ಜನವರಿಯಲ್ಲಿ ಗೆದ್ದ ಲ್ಯೂಕ್ ಶೆಪರ್ಡ್‌ಸನ್ ಕೂಡ ಜೀವರಕ್ಷಕರೇ; ಅಂದು ಕರ್ತವ್ಯದಲ್ಲಿದ್ದ ಅವರು ಬಿಡುವು ಪಡೆದು ಅಲೆಯೇರಿ, ಮತ್ತೆ ಕಾವಲಿಗೆ ಮರಳಿದ್ದರು.

ಇತಿ,
ಓದುಗ, ಮೂಲ್ಕಿ