ಅವ್ವನ ಕೈಗೆ ಕುಂಚ ಕೊಟ್ಟ ಅಣ್ಣಾವ್ರಿಗೆ

ಜಿಐ ಟ್ಯಾಗ್ (ಒಂದು ಊರಿನ ವಿಶೇಷ ವಸ್ತುವಿಗೆ ಸಿಗುವ ಭೌಗೋಳಿಕ ಗುರುತು) ಪಡೆದ ನಮ್ಮ ಕಿನ್ನಾಳದ ಬಣ್ಣದ ಕಟ್ಟಿಗೆ ಗೊಂಬೆ ಮಾಡುವುದನ್ನು ಕಲಿಸುವ ಶಿಬಿರ ಕೊಪ್ಪಳದಲ್ಲಿತ್ತು. ಮಗಳನ್ನು ಸೇರಿಸಲು ಹೋದೆ, ಜೊತೆಗೆ ಅವ್ವನೂ ಬಂದಿದ್ದಳು. ಅಪ್ಪ ಹೋದಮೇಲೆ ಮಾತೇ ಕಡಿಮೆ ಮಾಡಿದ್ದ ಅವ್ವ, ಗೊಂಬೆ ನೋಡಿ "ನಾನೂ ಕಲೀಲೇನು?" ಅಂದಳು. ಹೆಸರು ಬರೆದುಕೊಳ್ಳುವವರು "ಇದು ಮಕ್ಕಳಿಗೆ" ಅಂದುಬಿಟ್ಟರು. ಅವ್ವ ಸೆರಗು ಸರಿಮಾಡಿಕೊಂಡು ಸುಮ್ನೆ ಹಿಂದೆ ಸರಿದಳು. ನನಗೆ ತುಂಬಾ ಸಂಕಟವಾಯಿತು.

ಒಳಗೆ ಹುಣಸೆಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸುತ್ತಿದ್ದ ಕಲಾವಿದರೊಬ್ಬರು ಕೈ ಒರೆಸಿಕೊಂಡು ಎದ್ದು ಬಂದರು. "ಬರ್ರಿ ಅವ್ವಾರ, ನನ್ನ ಬಾಜು ಕೂಡ್ರಿ" ಅಂದರು, ಅಷ್ಟೇ. ಮಂಡಿನೋವು ಅಂತ ನಾವು ಹೇಳಿರಲಿಲ್ಲ, ಆದರೂ ಅವ್ವ ನಡೆಯೋದು ನೋಡಿಯೇ ತಮ್ಮ ಸ್ಟೂಲ್ ಬಿಟ್ಟುಕೊಟ್ಟು ನೆಲಕ್ಕೆ ಕೂತರು. ಕೈ ನಡುಗುವುದು ಕಂಡು ಸಣ್ಣ ಕುಂಚ ತೆಗೆದು ದಪ್ಪದ್ದು ಕೊಟ್ಟರು, ಮೊಣಕೈ ಊರಲು ಒಂದು ಹಲಗೆ ಇಟ್ಟರು, ಗಿಳಿಯ ರೆಕ್ಕೆಗೆ ಹಸಿರು ಹಚ್ಚಲು ಹೇಳಿದರು. ಬಣ್ಣ ಕೊಕ್ಕಿಗೆ ದಾಟಿತು. ಅವರು ಕುಂಚ ಕಸಿದು ತಿದ್ದಲಿಲ್ಲ. "ಒಣಗಲಿ ಬಿಡ್ರಿ, ಮ್ಯಾಲೆ ಕೆಂಪು ಹಚ್ಚಿದ್ರಾಯ್ತು" ಅಂದರು.

ಬಸ್ಸಿನಲ್ಲಿ ಅವ್ವ, ಮೊಮ್ಮಗಳು ಇಬ್ಬರದೂ ಬಣ್ಣದ ಮಾತೇ ಮಾತು. ಎಷ್ಟು ಕಾಲವಾಗಿತ್ತು ಆ ದನಿ ಕೇಳಿ! ನನ್ನ ಎದೆ ಹಗುರಾಯಿತು. ನಿಮ್ಮ ಹೆಸರು ಗೊತ್ತಿಲ್ಲ ಅಣ್ಣಾವ್ರೆ, ತುಂಬಾ ಧನ್ಯವಾದ. ಬರುವ ಭಾನುವಾರವೂ ಅವ್ವನನ್ನು ಕರೆದುಕೊಂಡು ಬರ್ತೀನಿ.