ಮಕ್ಕಳ ಆರೋಗ್ಯ ವಿಮೆ: ನ್ಯಾಯಾಲಯದ ಆದೇಶ ಉದ್ಯೋಗದಾತರನ್ನೂ ತಲುಪಲಿ

ಇವರಿಗೆ,
ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಅಮೆರಿಕದ ಕಂಪನಿಗಳ ನೌಕರರ ಸಂಬಳ ಹಾಗೂ ವಿಮೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಅಲ್ಲಿನ ರಾಜ್ಯಗಳ ಮಕ್ಕಳ ಜೀವನಾಂಶ ಕಚೇರಿಗಳು ಕಳುಹಿಸುವ 'ನ್ಯಾಷನಲ್ ಮೆಡಿಕಲ್ ಸಪೋರ್ಟ್ ನೋಟಿಸ್' ಎಂಬ ಪತ್ರ ನಮ್ಮ ಮೇಜಿಗೆ ಮೇಲಿಂದ ಮೇಲೆ ಬರುತ್ತಿರುತ್ತದೆ. ತನ್ನೊಂದಿಗೆ ವಾಸವಿಲ್ಲದ ಮಗುವಿಗೆ ಆರೋಗ್ಯ ವಿಮೆ ಒದಗಿಸಬೇಕೆಂದು ತಂದೆಗೋ ತಾಯಿಗೋ ನ್ಯಾಯಾಲಯ ಆದೇಶಿಸಿದ್ದರೆ, ಈ ನೋಟಿಸಿನ ಮೂಲಕ ಆ ಆದೇಶ ನೇರವಾಗಿ ಉದ್ಯೋಗದಾತರನ್ನು ತಲುಪುತ್ತದೆ. 1993ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆ ತಳಹದಿ ಹಾಕಿತು. 1998ರ ಕಾಯ್ದೆಯಿಂದ ದೇಶಕ್ಕೆಲ್ಲ ಒಂದೇ ನಮೂನೆಯ ನೋಟಿಸು ಬಂತು.

ನೋಟಿಸಿನ ದಿನಾಂಕದಿಂದ 20 ಕೆಲಸದ ದಿನಗಳೊಳಗೆ ಉದ್ಯೋಗದಾತರು ಅದನ್ನು ವಿಮಾ ಯೋಜನೆಯ ಆಡಳಿತಗಾರರಿಗೆ ರವಾನಿಸಬೇಕು, ಇಲ್ಲವೇ ತಮ್ಮಲ್ಲಿ ಕುಟುಂಬ ವಿಮೆ ಇಲ್ಲವೆಂದೋ ಆ ವ್ಯಕ್ತಿ ಈಗ ಕೆಲಸದಲ್ಲಿಲ್ಲವೆಂದೋ ನಮೂದಿಸಿ ಮರಳಿಸಬೇಕು. ಮಗು ವಿವಾಹದ ಹೊರಗೆ ಹುಟ್ಟಿದ್ದು, ನೌಕರನ ಮನೆಯಲ್ಲಿ ವಾಸವಿಲ್ಲ, ವಾರ್ಷಿಕ ನೋಂದಣಿಯ ಅವಧಿ ಮುಗಿದಿದೆ ಎಂಬ ಯಾವ ಕಾರಣಕ್ಕೂ ಸೇರ್ಪಡೆಯನ್ನು ನಿರಾಕರಿಸುವಂತಿಲ್ಲ. ನೌಕರನ ಪಾಲಿನ ಕಂತನ್ನು ಕಾನೂನಿನ ಮಿತಿಯೊಳಗೆ ಸಂಬಳದಿಂದಲೇ ಕಡಿತ ಮಾಡಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮಗುವನ್ನು ಸಾಕುತ್ತಿರುವ ತಾಯಿ ಆಸ್ಪತ್ರೆಯ ಬಿಲ್ಲು ಕಟ್ಟಿದ್ದರೆ ವಿಮೆಯ ಮರುಪಾವತಿ ಆಕೆಗೇ ಸಲ್ಲಬೇಕು, ನೌಕರನಿಗಲ್ಲ.

ನಮ್ಮಲ್ಲಿ ಏನಾಗುತ್ತಿದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಕಂಪನಿಯ ಗುಂಪು ವಿಮೆಗೆ ಯಾರ ಹೆಸರು ಸೇರಬೇಕೆಂದು ತಿಳಿಸುವವನು ನೌಕರ. ಪಾಲಿಸಿ ನವೀಕರಣದ ಹೊತ್ತಿಗೆ ಆತ ಮಗುವಿನ ಹೆಸರನ್ನು ಕೈಬಿಟ್ಟರೆ, ಬೇರೆ ಮನೆಯಲ್ಲಿರುವ ತಾಯಿಗೆ ಅದು ತಿಳಿಯುವುದು ಬಹುಮಟ್ಟಿಗೆ ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ, ಮಗು ಜ್ವರದಿಂದ ಬಳಲುತ್ತಿರುವಾಗ. ಹೆಸರು ಉಳಿದಿದ್ದರೂ ಕಷ್ಟ ತಪ್ಪುವುದಿಲ್ಲ. ಕೌಂಟರಿನವರು ನೌಕರನ ಇ-ಕಾರ್ಡ್ ಮತ್ತು ಗುರುತಿನ ಚೀಟಿ ಕೇಳುತ್ತಾರೆ, ಕ್ಲೇಮ್ ಅರ್ಜಿಗೆ ಆತನ ಸಹಿ ಬೇಕಾಗುತ್ತದೆ, ಆಕೆ ಸಾಲ ಮಾಡಿ ಕಟ್ಟಿದ ಹಣ ಮರುಪಾವತಿಯಾಗಿ ಆತನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಆಕೆ ಕರೆ ಮಾಡಿದರೆ, ನೌಕರನ ಮಾಹಿತಿಯನ್ನು ಹೊರಗಿನವರಿಗೆ ಕೊಡಲಾಗದು ಎಂಬ ಉತ್ತರ ಬರುತ್ತದೆ. ಆ ಅಧಿಕಾರಿಯನ್ನು ನಾನು ದೂರಲಾರೆ. ಬೇರೆ ಉತ್ತರ ಕೊಡುವ ಅಧಿಕಾರವನ್ನು ಯಾವ ಕಾನೂನೂ ಅವರಿಗೆ ಕೊಟ್ಟಿಲ್ಲ.

ಉದ್ಯೋಗದಾತರ ಮೂಲಕ ಆದೇಶ ಜಾರಿ ಮಾಡುವುದು ನಮ್ಮ ಕಾನೂನಿಗೆ ಹೊಸದಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005ರ 20ನೇ ಪ್ರಕರಣದ 6ನೇ ಉಪಪ್ರಕರಣದಡಿ, ಪರಿಹಾರ ಕಟ್ಟಲು ತಪ್ಪಿದವನ ಸಂಬಳದ ಒಂದು ಭಾಗವನ್ನು ನೊಂದ ಮಹಿಳೆಗೆ ನೇರವಾಗಿ ಪಾವತಿಸುವಂತೆ ಮ್ಯಾಜಿಸ್ಟ್ರೇಟರು ಉದ್ಯೋಗದಾತರಿಗೆ ನಿರ್ದೇಶಿಸಬಹುದು. ಆದರೆ ಅಲ್ಲಿರುವುದು ಹಣದ ಮಾತು ಮಾತ್ರ, ವಿಮೆಯ ಪ್ರಸ್ತಾಪವಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಜೀವನಾಂಶ ಕುರಿತ 144ನೇ ಪ್ರಕರಣ ಹೇಳುವುದೂ ಮಾಸಿಕ ಭತ್ಯೆಯ ವಿಚಾರವನ್ನೇ. ತಿಂಗಳಿಗೆ ಕೆಲವು ಸಾವಿರ ರೂಪಾಯಿಯ ಭತ್ಯೆಯಲ್ಲಿ ಮಗುವಿನ ಊಟ, ಶಾಲೆ ಹೇಗೋ ನಡೆದೀತು. ಒಂದು ವಾರದ ಐಸಿಯು ಬಿಲ್ಲನ್ನು ಅದರಲ್ಲಿ ತೀರಿಸಲಾಗದು.

ವೈವಾಹಿಕ ಮತ್ತು ಮಕ್ಕಳ ವಿಷಯಗಳು ಕೇಂದ್ರ, ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯದ ಕೈ ಪೂರ್ತಿ ಕಟ್ಟಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಪ್ರಕರಣಕ್ಕೆ ಮಹಾರಾಷ್ಟ್ರ, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳು ತಮ್ಮದೇ ತಿದ್ದುಪಡಿ ತಂದಿದ್ದವು. ಜೀವನಾಂಶದ ಆದೇಶದಲ್ಲಿ ವಿಮೆಯನ್ನೂ ಸೇರಿಸಲು, ಅದನ್ನು ನಿಗದಿತ ನಮೂನೆಯಲ್ಲಿ ಉದ್ಯೋಗದಾತರಿಗೆ ಕಳುಹಿಸಲು, ನ್ಯಾಯಾಲಯಕ್ಕೆ ತಿಳಿಸದೆ ಮಗುವಿನ ಹೆಸರು ತೆಗೆಯದಂತೆ ಮತ್ತು ನೌಕರ ಕೆಲಸ ಬಿಟ್ಟರೆ ಆ ಸಂಗತಿಯನ್ನು ವರದಿ ಮಾಡುವಂತೆ ಕಟ್ಟುಪಾಡು ವಿಧಿಸಲು ಅಂಥದೊಂದು ತಿದ್ದುಪಡಿ ಸಾಕು. ವಿಮೆಯನ್ನೇ ಕೊಡದ ಸಣ್ಣ ಉದ್ಯೋಗದಾತರು ಹಾಗೆಂದು ಒಂದು ಸಾಲು ಬರೆದು ನಮೂನೆಯನ್ನು ಮರಳಿಸಿದರೆ ಅವರ ಹೊಣೆ ಮುಗಿಯಬೇಕು. ಮದುವೆ ಮತ್ತು ಹೆರಿಗೆಯ ಸಂದರ್ಭದಲ್ಲಿ ಪಾಲಿಸಿಯ ನಡುವೆಯೇ ಹೊಸ ಹೆಸರು ಸೇರಿಸಿಕೊಳ್ಳುವ ವಿಮಾ ಕಂಪನಿಗಳು ನ್ಯಾಯಾಲಯದ ಆದೇಶಕ್ಕೂ ಅದೇ ಅವಕಾಶ ಕೊಡುವಂತೆ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ತಾವು ಪತ್ರ ಬರೆಯಬಹುದು.

ತಿದ್ದುಪಡಿಗೆ ಸಮಯ ಬೇಕೆಂಬುದನ್ನು ಬಲ್ಲೆ. ಆದರೆ ರಾಜ್ಯ ಸರ್ಕಾರವೇ ದೊಡ್ಡ ಉದ್ಯೋಗದಾತ. ತನ್ನ ನೌಕರರ ಆರೋಗ್ಯ ಯೋಜನೆಗಳಲ್ಲಿ, ನ್ಯಾಯಾಲಯದ ಆದೇಶವಿರುವ ಮಗುವಿನ ಹೆಸರನ್ನು ನೌಕರನ ಒಪ್ಪಿಗೆಗೆ ಕಾಯದೆ ಸೇರಿಸುವಂತೆ ವೇತನ ಬಟವಾಡೆ ಅಧಿಕಾರಿಗಳಿಗೆ ಸೂಚಿಸಲು ಒಂದು ಸರ್ಕಾರಿ ಆದೇಶ ಸಾಕಾಗಬಹುದೆಂದು ನನ್ನ ನಂಬಿಕೆ. ಆರೋಗ್ಯ ಮತ್ತು ಆರ್ಥಿಕ ಇಲಾಖೆಗಳೊಂದಿಗೆ ಚರ್ಚಿಸಿ ಆ ಆದೇಶವನ್ನು ಈ ವರ್ಷವೇ ಹೊರಡಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ